‘ಈಗ ಬಂದೆ’ ಎಂಬ ಹಾಡಿನ ಅರ್ಥ

ಮಾತು ಹೋದವರ ಬಾಯಲ್ಲಿ ಕೊನೆಗೆ ಉಳಿಯುವುದು ಬೈಗುಳ, ದೇವರ ಹೆಸರು ಮತ್ತು ಹಾಡು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ‘ನೀರು’ ಎನ್ನಲೂ ಆಗದ ಮನುಷ್ಯ, ಕಾಲಿಗೆ ಕುರ್ಚಿ ತಗುಲಿದರೆ ಸ್ವಚ್ಛವಾಗಿ ಬೈಯುತ್ತಾನೆ. ಹಳೆಯ ಹಾಡೊಂದನ್ನು ಶುರುಮಾಡಿಕೊಟ್ಟರೆ ಕೊನೆಯವರೆಗೆ ತಪ್ಪಿಲ್ಲದೆ ಹಾಡುತ್ತಾನೆ. ಮೈಸೂರಿನಲ್ಲಿ ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಹಾಗೆ ಉಳಿಯುವ ಹಾಡು ಮನೆಯವರಿಗೆ ಏನಾಗಿರಬಹುದು ಎಂದು ಆ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ.

ಕೋವಿಡ್‌ನ ಎರಡನೆಯ ವರ್ಷ. ನಾನು ಆಗ ಈ ಪರದೇಶದಲ್ಲಿ ಮನೆಮನೆಗೆ ಹೋಗಿ ಸ್ಪೀಚ್ ಥೆರಪಿ ಕೊಡುತ್ತಿದ್ದೆ. ಬೆಳಿಗ್ಗೆ ಫೇರ್‌ಫ್ಯಾಕ್ಸ್‌ನಲ್ಲಿ ಒಬ್ಬರು, ಮಧ್ಯಾಹ್ನ ಹರ್ನ್‌ಡನ್‌ನಲ್ಲಿ ಇಬ್ಬರು, ನಡುವೆ ಕಾರಿನಲ್ಲೇ ಮೊಸರನ್ನ. ಹಿಂದಿನ ಸೀಟಿನ ತುಂಬ ಗ್ಲೌಸು, ಗೌನು, ಚಿತ್ರದ ಕಾರ್ಡುಗಳು. ಮನೆಗೆ ಬಂದರೆ ಬಟ್ಟೆಯನ್ನೆಲ್ಲ ಗರಾಜಿನಲ್ಲೇ ಕಳಚಿ ಸ್ನಾನಕ್ಕೆ ಓಡಬೇಕು, ಆಮೇಲೆ ಲ್ಯಾಪ್‌ಟಾಪ್ ತೆಗೆದು ದಿನದ ನೋಟ್ಸ್ ಬರೆಯಬೇಕು. ನಿದ್ದೆ ಮಾಡಿ ಎದ್ದರೂ ದಣಿವು ಹೋಗುತ್ತಿರಲಿಲ್ಲ. ಯಾರಾದರೂ ‘ಹೇಗಿದ್ದೀರಿ’ ಎಂದು ಕೇಳಿದರೆ ಅಳು ಬರುವಂಥ ಕಾಲ ಅದು.

ಅಂಥ ಒಂದು ದಿನ ನಮ್ಮ ಏಜೆನ್ಸಿಯ ಸೂಪರ್‌ವೈಸರ್ ಫೋನ್ ಮಾಡಿದರು. ಹರ್ನ್‌ಡನ್‌ನಲ್ಲಿ ಹೊಸ ಪೇಷಂಟ್, ಸ್ಟ್ರೋಕ್, ಮಾತು ಪೂರ್ತಿ ನಿಂತಿದೆ, ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೆ. ಸ್ಪ್ಯಾನಿಷ್ ಬರುವ ನಮ್ಮ ಥೆರಪಿಸ್ಟ್ ಬಾಣಂತನದ ರಜೆಯಲ್ಲಿದ್ದಳು. “ನೀವು ಇಂಡಿಯಾದವರು, ನಿಮಗೆ ಬಹಳ ಭಾಷೆ ಬರುತ್ತಲ್ಲ” ಎಂದರು. ನನಗೆ ಬರುವುದು ಕನ್ನಡ, ಇಂಗ್ಲಿಷ್, ಹಿಂದಿ ಮತ್ತು ಜಗಳ ಆಡುವಷ್ಟು ತಮಿಳು. ಅದನ್ನೇ ಹೇಳಿದೆ. “ಫೋನಿನಲ್ಲಿ ದುಭಾಷಿ ಸಿಗ್ತಾರೆ, ಸ್ಪೀಕರ್ ಹಾಕ್ಕೊಂಡು ಮ್ಯಾನೇಜ್ ಮಾಡಿ” ಎಂದು ಇಟ್ಟುಬಿಟ್ಟರು. ಮ್ಯಾನೇಜ್ ಮಾಡುವುದರಲ್ಲೇ ನಮ್ಮ ಜನ್ಮ ಕಳೆಯುತ್ತಿದೆ ಎಂದು ಬೈದುಕೊಂಡು ಹೊರಟೆ.

ಹಳೆಯ ಟೌನ್‌ಹೌಸ್. ಮುಂದೆ ಹಜಾರ, ಹಿಂದೆ ಅಡುಗೆಮನೆ, ಊಟದ ಮೇಜು ಅಡುಗೆಮನೆಯ ಒಳಗೇ. ಹಜಾರದ ಕಾರ್ಪೆಟ್ ಮುಗಿದು ಅಡುಗೆಮನೆಯ ಟೈಲ್ಸ್ ಶುರುವಾಗುವ ಕಡೆ ಬಾಗಿಲಿಗೆ ಅಡ್ಡವಾಗಿ ನೆಲಕ್ಕೆ ಒಂದು ತಗಡಿನ ಪಟ್ಟಿ ಬಡಿದಿದ್ದರು. ಪೇಷಂಟ್ ಎಲ್ ಸಾಲ್ವಡೋರ್ ದೇಶದವರು, ಅರವತ್ತರ ಹತ್ತಿರ. ಸ್ಟ್ರೋಕ್ ಆಗುವವರೆಗೆ ಈ ಸುತ್ತಿನ ಅದೆಷ್ಟೋ ಹೊಸ ಮನೆಗಳಿಗೆ ಗೋಡೆಯ ಹಲಗೆ ಕೂರಿಸಿದವರು. ಈಗ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರನ್ನು ಇಲ್ಲಿ ಯಜಮಾನರು ಎನ್ನುತ್ತೇನೆ. ನನ್ನ ಮನಸ್ಸಿನಲ್ಲಿ ಅವರಿಗೆ ಬಿದ್ದ ಹೆಸರೇ ಅದು. ಮನೆಯಲ್ಲಿ ಹೆಂಡತಿ ಮತ್ತು ಡೇಕೇರ್‌ನಲ್ಲಿ ಕೆಲಸ ಮಾಡುವ ಮಗಳು.

ಅವರ ಬಾಯಿಂದ ಬರುತ್ತಿದ್ದುದು ಒಂದೇ ಪದ. “ಎಸೋ.” ಹಾಗೆಂದರೆ ‘ಅದು’. ನೀರು ಬೇಕಾದರೂ ಎಸೋ, ನೋವಾದರೂ ಎಸೋ, ಮಗಳು ಬಂದರೂ ಎಸೋ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಲೆಯೊಳಗೆ ಮಾತಿದೆ, ಬಾಯಿಗೆ ಬರುವ ದಾರಿ ಮುಚ್ಚಿದೆ. ಈ ಬಗೆಯ ಪೇಷಂಟ್‌ಗಳ ಕಣ್ಣು ನೋಡುವುದು ಬಹಳ ಕಷ್ಟ.

ಮೊದಲ ವಾರಗಳು ಬರೀ ಸೋಲು. ತುಟಿ ನೋಡಿ ಕಲಿಯಬೇಕಾದ ಕೆಲಸವಿದು, ನನ್ನ ತುಟಿ ಮಾಸ್ಕಿನೊಳಗೆ. ಬಾಯಿಯ ಹತ್ತಿರ ಪ್ಲಾಸ್ಟಿಕ್ ಇರುವ ಮಾಸ್ಕ್ ಕೊಟ್ಟಿದ್ದರು, ನಾಲ್ಕು ಮಾತು ಆಡುವಷ್ಟರಲ್ಲಿ ಅದು ಹಬೆ ಹಿಡಿದು ಬೆಳ್ಳಗಾಗುತ್ತಿತ್ತು. ನಾನು ಕಪ್ಪಿನ ಚಿತ್ರ ತೋರಿಸುವುದು, ಇಂಗ್ಲಿಷಿನಲ್ಲಿ ಕೇಳುವುದು, ಫೋನಿನಲ್ಲಿರುವ ದುಭಾಷಿ ಅದನ್ನು ಸ್ಪ್ಯಾನಿಷ್‌ಗೆ ತರುವುದು, ಯಜಮಾನರು “ಎಸೋ” ಎನ್ನುವುದು, ದುಭಾಷಿ “ಅದು” ಎಂದು ನನಗೆ ತಿಳಿಸುವುದು. ಪ್ರತಿ ಸಲ ಬೇರೆ ದುಭಾಷಿ. ಒಬ್ಬರ ಹಿಂದೆ ನಾಯಿ ಬೊಗಳುತ್ತಿತ್ತು. ಒಂದು ದಿನ ಯಜಮಾನರು ಎಡಗೈಯಲ್ಲಿ ಕಾರ್ಡುಗಳನ್ನೆಲ್ಲ ಹಜಾರದ ಸಣ್ಣ ಮೇಜಿನಿಂದ ಕೆಳಕ್ಕೆ ತಳ್ಳಿಬಿಟ್ಟರು. ನಾನು ಬಗ್ಗಿ ಆರಿಸಿಕೊಂಡೆ. ನನಗೂ ತಳ್ಳಬೇಕೆಂದೇ ಅನಿಸಿತ್ತು.

ಹಾಡಿನ ದಾರಿ ಹಿಡಿಯುವುದೆಂದು ನಿರ್ಧರಿಸಿದ್ದು ಆಮೇಲೆ. ಮಾತು ಹೋಗಿ ಹಾಡು ಉಳಿದವರಿಗೆ ಹಾಡಿನ ಮೂಲಕವೇ ಮಾತು ತರುವ ಒಂದು ವಿಧಾನವಿದೆ. ಪೇಷಂಟ್‌ನ ಎಡಗೈ ಹಿಡಿದು ಅಕ್ಷರಕ್ಕೊಂದರಂತೆ ಮೇಜಿನ ಮೇಲೆ ತಟ್ಟಬೇಕು. ಮೊದಲು ನಾನು ಗುನುಗುವುದು, ಆಮೇಲೆ ಇಬ್ಬರೂ ಸೇರಿ ಹಾಡುವುದು, ನಡುವೆ ನಾನು ನಿಲ್ಲಿಸಿ ಅವರನ್ನು ಮುಂದುವರಿಯಲು ಬಿಡುವುದು. ಬರುಬರುತ್ತ ರಾಗವನ್ನು ಕಳೆದು ಮಾತಿನ ಹತ್ತಿರ ತರುವುದು. ಕೊನೆಗೆ ಪ್ರಶ್ನೆ ಕೇಳಿದರೆ ಉತ್ತರ ಬರಬೇಕು. ಹಾಡು ಏಣಿ ಅಷ್ಟೇ, ಹತ್ತಿದ ಮೇಲೆ ಅದನ್ನು ತೆಗೆದಿಡಬೇಕು.

“ಅಪ್ಪ ಯಾವ ಹಾಡು ಹಾಡ್ತಿದ್ರು?” ಎಂದು ಮಗಳನ್ನು ಕೇಳಿದೆ.

“ಒಂದೇ ಹಾಡು. ಯಾವಾಗಲೂ ಅದೇ” ಎಂದು ಅವಳು ಅದರ ಮೊದಲ ಸಾಲನ್ನು ಮೆಲ್ಲಗೆ ಗುನುಗಿದಳು.

ಯಜಮಾನರು ತಲೆ ಎತ್ತಿದರು. ಗಂಟಲು ಕೆರೆದುಕೊಂಡರು. ಆಮೇಲೆ ಹಾಡಿದರು! ಒಂದು ಸಾಲಲ್ಲ, ಎರಡು ಸಾಲಲ್ಲ, ಇಡೀ ಹಾಡು. ಅಕ್ಷರ ಅಕ್ಷರ ಬಿಡಿಸಿಟ್ಟ ಹಾಗೆ, ಕಂಚಿನಂಥ ಧ್ವನಿ. ಮಗಳು ಅತ್ತಳು. ಸೋಫಾದ ಕೊನೆಯಲ್ಲಿ ಕೂತಿದ್ದ ಹೆಂಡತಿ ಮಾತ್ರ ಹಾಡಿನ ನಡುವೆ ಎದ್ದು, ಏಪ್ರನ್ನಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಮುಖದ ಮುಕ್ಕಾಲು ಮಾಸ್ಕಿನಲ್ಲಿತ್ತು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಫೋನಿನಲ್ಲಿದ್ದ ದುಭಾಷಿ ಗಂಟಲು ಸರಿಮಾಡಿಕೊಂಡು ಕೇಳಿದ: “ಪೇಷಂಟ್ ಹಾಡ್ತಿದ್ದಾರೆ. ಹಾಡಿನ ಅರ್ಥ ಹೇಳಬೇಕೇ?”

“ಹೇಳಿ.”

ಬ್ಯಾಂಕಿನ ಬ್ಯಾಲೆನ್ಸ್ ಓದುವವನ ಧ್ವನಿಯಲ್ಲಿ ಆತ ಹೇಳಿದ: “ಬಾಗಿಲ ಅಗುಳಿ ಹಾಕಬೇಡ, ಈಗ ಬಂದೆ. ಒಲೆಯ ಕೆಂಡ ಆರಿಸಬೇಡ, ಈಗ ಬಂದೆ. ನಿನ್ನ ಹೆಸರು ಕರೆದು ಕರೆದು ಬಾಯಿ ಒಣಗಿತು, ನನ್ನ ಪ್ರೀತಿಯೇ, ಈಗ ಬಂದೆ. ಇಷ್ಟೇ, ಮ್ಯಾಮ್.”

ಪ್ರತಿ ಸಾಲಿನ ಕೊನೆಗೂ ಬರುವ ಆ ‘ಈಗ ಬಂದೆ’ ಸ್ಪ್ಯಾನಿಷ್‌ನಲ್ಲಿ “ಯಾ ವೋಯ್”. ಆ ಎರಡು ಅಕ್ಷರವನ್ನು ಯಜಮಾನರು ಹೇಗೆ ಎಳೆಯುತ್ತಿದ್ದರೆಂದರೆ, ಯಾರಿಗಾದರೂ ತನ್ನನ್ನೇ ಕರೆದಂತೆ ಆಗಬೇಕು. ದೂರದಲ್ಲಿರುವ ಪ್ರೇಮಿ, ಕಾಯುವ ಹೆಣ್ಣು. ಹಾಡಿನ ಅರ್ಥ ನನಗೆ ಪೂರ್ತಿ ಆಯಿತು ಎಂದುಕೊಂಡೆ. ಹೆಂಡತಿ ಎದ್ದು ಹೋದದ್ದೂ ಅರ್ಥವಾಯಿತು ಎಂದುಕೊಂಡೆ.

ನಮ್ಮಲ್ಲಿ ಗಂಡ ನಾಲ್ಕು ಜನರೆದುರು ಪ್ರೇಮಗೀತೆ ಹಾಡಿದರೆ ಹೆಂಡತಿ ಅಲ್ಲೇ ಕೂರುವುದುಂಟೇ? ನಮ್ಮ ಕನ್ನಡ ಸಂಘದ ಪಿಕ್‌ನಿಕ್‌ಗಳಲ್ಲಿ ಯಾರಾದರೂ ಅಂಕಲ್ ಹಳೆಯ ಸಿನಿಮಾ ಹಾಡಿಗೆ ಕಣ್ಣು ಮುಚ್ಚಿ ಕೈ ಎತ್ತಿದರೆ ಸಾಕು, ಆಂಟಿ “ಅಯ್ಯೋ, ಸಾಕು ಸುಮ್ನಿರಿ” ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡು ಚಿತ್ರಾನ್ನದ ಡಬ್ಬಿ ಹುಡುಕಲು ಎದ್ದು ಹೋಗುತ್ತಾರೆ. ನನ್ನ ಕಣ್ಣಿಗೆ ಕಂಡದ್ದು ಅದೇ. ಹೊರಗೆ ಕಾರ್ ನಿಲ್ಲಿಸುವ ಜಾಗದಲ್ಲಿ ನನ್ನ ಸಹೋದ್ಯೋಗಿ ಸಿಕ್ಕಿದಳು. ಅದೇ ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಬೆಂಗಳೂರಿನ ಶಿವಾಜಿನಗರದವಳು. ಆ ದಿನಗಳಲ್ಲಿ ನನ್ನ ಜೊತೆ ಬಾಯಿತುಂಬ ಕನ್ನಡ ಆಡುತ್ತಿದ್ದ ಏಕೈಕ ಜೀವ.

“ಹಾಡಿದ್ರಾ? ನಿಜವಾಗ್ಲೂ?” ಎಂದು ಕಣ್ಣರಳಿಸಿದಳು. “ಮತ್ತೆ ಆಂಟಿ ಏನಂದ್ರು?”

“ನಾಚ್ಕೊಂಡು ಒಳಗೆ ಓಡಿದ್ರು ಕಣೇ.”

“ಪಾಪ! ಈ ವಯಸ್ಸಲ್ಲೂ! ನಮ್ಮ ಅಮ್ಮೀನೂ ಹಾಗೇ, ಅಬ್ಬಾ ಒಂದು ಸಾಲು ಹಾಡಿದ್ರೆ ಕಿಚನ್‌ನಿಂದ ಈಚೆಗೇ ಬರ್ತಿರ್ಲಿಲ್ಲ.”

ಇಬ್ಬರೂ ನಕ್ಕೆವು. ಬಹಳ ದಿನದ ಮೇಲೆ ಕೆಲಸದ ನಡುವೆ ನಗು ಬಂದಿತ್ತು.

ಆಮೇಲಿನ ವಾರಗಳಲ್ಲಿ ಆ ಹಾಡನ್ನು ನಾವು ಅರೆದುಬಿಟ್ಟೆವು. ತಟ್ಟುವುದು, ಹಾಡುವುದು, ನಿಲ್ಲಿಸುವುದು, ಮತ್ತೆ ತಟ್ಟುವುದು. ಮಗಳು ಬರೆದುಕೊಟ್ಟ ಸ್ಪ್ಯಾನಿಷ್ ಸಾಲು ನೋಡಿಕೊಂಡು ನಾನು “ಬಾಗಿಲ ಅಗುಳಿ” ಎಂದು ಶುರುಮಾಡಿ ನಿಲ್ಲಿಸಿದರೆ ಅವರು ಮುಂದಿನದನ್ನು ಹೇಳುತ್ತಿದ್ದರು. ಹಾಡಿನೊಳಗೆ ಮೀನಿನಂತೆ ಸಲೀಸು. ಹೊರಗೆ ಬಂದರೆ ಮತ್ತೆ ಎಸೋ. ಬಾಗಿಲು ತೋರಿಸಿ ಇದೇನು ಎಂದರೆ ಎಸೋ. ಅದೇ ‘ಬಾಗಿಲು’ ಹಾಡಿನಲ್ಲಿ ಬರುತ್ತಿತ್ತಲ್ಲ! ಏಣಿ ಗಟ್ಟಿಯಾಗಿತ್ತು, ಆದರೆ ಯಾವ ಅಟ್ಟಕ್ಕೂ ಅದು ತಗುಲುತ್ತಿರಲಿಲ್ಲ. ದಿನವೂ ಹೆಂಡತಿಯ ಜೊತೆ ಕೂತು ಹಾಡಬೇಕೆಂದು ಹೇಳಿ ಬರುತ್ತಿದ್ದೆ. ಒಂದು ದಿನವೂ ಹಾಡಿಲ್ಲ ಎಂದು ಮಗಳು ತಲೆತಗ್ಗಿಸಿ ಹೇಳುತ್ತಿದ್ದಳು. ಇಷ್ಟೊಂದು ನಾಚಿಕೆಯೇ ಎಂದು ನನಗೆ ಸಿಟ್ಟು ಬರತೊಡಗಿತು.

ಅತ್ತ ಫಿಸಿಯೋದೂ ಅದೇ ಗೋಳು. ಯಜಮಾನರು ಎಡಗೈ ಒಂದರಲ್ಲೇ ಹಿಡಿಯುವ ಗಾಲಿ ವಾಕರ್‌ನೊಂದಿಗೆ ಹಜಾರದಲ್ಲಿ ಓಡಾಡುತ್ತಿದ್ದರು, ಆದರೆ ಅಡುಗೆಮನೆಯ ತಗಡಿನ ಪಟ್ಟಿಯ ಹತ್ತಿರ ಬಂದರೆ ನಿಂತುಬಿಡುತ್ತಿದ್ದರು. ಊಟದ ಮೇಜಿಗೆ ಬರಲೊಲ್ಲರು. ಹೆಂಡತಿ ಬಟ್ಟಲು ತಂದು ಕುರ್ಚಿಯ ಮೇಲಿದ್ದವರ ಕೈಗೆ ಕೊಟ್ಟು, ಮಾತಿಲ್ಲದೆ ತಿರುಗಿ ಹೋಗುತ್ತಿದ್ದರು.

ಇನ್ಶೂರೆನ್ಸ್‌ನವರ ಪರಿಶೀಲನೆ ಬಂತು. ಅವರ ಕಡೆಯವರ ಪ್ರಶ್ನೆ ಸರಳ: ಪೇಷಂಟ್ ಸ್ವಂತ ಅಗತ್ಯವನ್ನು ಸ್ವಂತ ಮಾತಿನಲ್ಲಿ ಹೇಳುತ್ತಾರೋ ಇಲ್ಲವೋ? ಹಾಡುವುದು ಮಾತನಾಡುವುದಲ್ಲ. ನಿಜವೇ, ವಾದಿಸಲು ನನ್ನಲ್ಲಿ ಏನೂ ಇರಲಿಲ್ಲ. ಸೂಪರ್‌ವೈಸರ್ “ಪ್ರಗತಿ ನಿಂತಿದೆ ಅಂತ ಬರೆದು ಡಿಸ್ಚಾರ್ಜ್ ಮಾಡೋಣ” ಎಂದರು. ಇನ್ನು ಕೆಲವು ಭೇಟಿ ಕೊಡಿ ಎಂದು ಗೋಗರೆದೆ. ಕೊಟ್ಟರು. ಅಷ್ಟರಲ್ಲಿ ಅವರ ಬಾಯಿಂದ ಒಂದಾದರೂ ಸ್ವಂತ ಮಾತು ಬರದಿದ್ದರೆ, ಆ ಮನುಷ್ಯ ಇನ್ನುಳಿದ ಆಯುಷ್ಯವನ್ನು ‘ಅದು’ ಎಂಬ ಒಂದು ಪದದೊಂದಿಗೆ ಆ ಕುರ್ಚಿಯಲ್ಲಿ ಕಳೆಯಬೇಕಿತ್ತು.

ಮುಂದಿನ ಭೇಟಿಯಲ್ಲಿ ನಾನು ಹಟ ಹಿಡಿದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಫೋನಿನಲ್ಲಿ ದುಭಾಷಿಯಾಗಿ ಒಬ್ಬ ಹೆಂಗಸು. ಯಜಮಾನರು ಹಾಡು ಶುರುಮಾಡುತ್ತಿದ್ದಂತೆ ಹೆಂಡತಿ ಎದ್ದರು. “ದಯವಿಟ್ಟು ಕೂತ್ಕೊಳ್ಳಿ. ನಿಮ್ಮ ಜೊತೆ ಹಾಡಿದ್ರೇ ಇದು ಆಗೋದು. ನಾಚಿಕೆ ಪಟ್ಕೋಬೇಡಿ” ಎಂದೆ. ದುಭಾಷಿ ಅದನ್ನು ಹೇಳಿದಳು.

ಹೆಂಡತಿ ಬಾಗಿಲ ಪಟ್ಟಿಯ ಮೇಲೆ ನಿಂತು ತಿರುಗಿದರು. ಮಾಸ್ಕ್ ಕಿತ್ತು ಕೈಯಲ್ಲಿ ಹಿಡಿದರು. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಅದರಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ. ಅವರು ಮಾತಾಡತೊಡಗಿದರು, ದುಭಾಷಿ ಹಿಂದೆಯೇ ಹೇಳುತ್ತ ಹೋದಳು. ದುಭಾಷಿಗಳು ‘ಅವರು ಹೀಗಂದರು’ ಎನ್ನುವುದಿಲ್ಲ, ‘ನಾನು’ ಎಂದೇ ಹೇಳುತ್ತಾರೆ. ಅದು ಆ ಕೆಲಸದ ನಿಯಮ.

“ನಾಚಿಕೆಯಾ? ನಂಗ್ಯಾವ ನಾಚಿಕೆ? ನಂಗೆ ಸಾಕಾಗಿದೆ. ಮಗಳು ತೊಟ್ಟಿಲಲ್ಲಿದ್ದಾಗ ಇವ್ರು ಈ ದೇಶಕ್ಕೆ ಬಂದ್ರು. ಅವಳು ಹೈಸ್ಕೂಲಿಗೆ ಹೋಗೋವರೆಗೆ ವಾಪಸ್ ಬರ್ಲಿಲ್ಲ. ಪೇಪರ್ ಇರ್ಲಿಲ್ಲ, ಬಂದಿದ್ರೆ ಮತ್ತೆ ಹೋಗೋಕಾಗ್ತಿರ್ಲಿಲ್ಲ, ಅದೆಲ್ಲ ನಂಗೊತ್ತು. ಅದಕ್ಕೆ ನಾನು ಬೈಯಲ್ಲ. ಪ್ರತಿ ಭಾನುವಾರ ಫೋನ್ ಮಾಡೋರು. ಪ್ರತಿ ಭಾನುವಾರ ಈ ಹಾಡು. ಈಗ ಬಂದೆ, ಈಗ ಬಂದೆ. ಮೊದಲನೇ ವರ್ಷ ನಾನು ನಿಜವಾಗ್ಲೂ ಬಾಗಿಲಿಗೆ ಅಗುಳಿ ಹಾಕ್ಲಿಲ್ಲ.”

ದುಭಾಷಿಯ ಧ್ವನಿ ಒಂದು ಕ್ಷಣ ತಡವರಿಸಿತು. ಹೆಂಡತಿ ಮುಂದುವರಿಸಿದರು.

“ಆಮೇಲಾಮೇಲೆ ಕೇಳ್ಕೊಂಡೆ. ಹಾಡು ಬೇಡ, ಬೇರೆ ಏನಾದ್ರೂ ಹೇಳು. ಏನು ಊಟ ಮಾಡ್ದೆ ಹೇಳು. ಬೆನ್ನು ನೋವಿದ್ಯಾ ಹೇಳು. ಯಾರ ಮೇಲೆ ಸಿಟ್ಟು ಬಂತು ಹೇಳು. ಹೇಳ್ಲಿಲ್ಲ. ಹೇಳಿದ್ರೆ ನಾನು ಅಳ್ತೀನಿ ಅಂತ ಹಾಡೋರು. ನನ್ನ ಅತ್ತೆ ಸತ್ತಾಗ್ಲೂ ಹಾಡಿದ್ರು. ನಾನಿಲ್ಲಿಗೆ ಬಂದ್ಮೇಲೆ ಕೆಲಸ, ಕೆಲಸ, ಸುಸ್ತು, ನಿದ್ದೆ. ಇನ್ನೇನು ಕೆಲಸ ಬಿಡ್ತೀನಿ, ಆಮೇಲೆ ಕೂತು ಮಾತಾಡೋಣ ಅಂದಿದ್ರು. ಈಗ ನೋಡಿ. ದೇವ್ರು ಇವ್ರ ಎಲ್ಲಾ ಮಾತೂ ತಗೊಂಡ. ಇದೊಂದನ್ನ ಬಿಟ್ಟ. ಇದನ್ನೇ ದಿನಾ ಹಾಡ್ಸಿ ಅಂತ ನೀವು ಬೇರೆ ಹೇಳ್ತೀರಿ!”

ಯಜಮಾನರು ತಮ್ಮ ಬಲಗೈಯನ್ನೇ ನೋಡುತ್ತ ಕೂತಿದ್ದರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ “ಎಸೋ” ಎಂದರು.

“ಅದು” ಎಂದಳು ದುಭಾಷಿ.

“ಹೌದು, ಅದೇ” ಎಂದು ಹೆಂಡತಿ ಒಳಗೆ ಹೋದರು.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಕಾರ್ಡುಗಳನ್ನು ಚೀಲಕ್ಕೆ ತುಂಬಿ ಹೊರಗೆ ಬಂದೆ. ಸ್ಟಿಯರಿಂಗ್ ಹಿಡಿದು ಎಷ್ಟೋ ಹೊತ್ತು ಕೂತೆ. ಫಿಸಿಯೋ ಗೆಳತಿಯ ಕಾರ್ ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಸಿ ಎಲ್ಲವನ್ನೂ ಹೇಳಿದೆ.

“ಯಾ ಅಲ್ಲಾ!” ಎಂದು ತಲೆಯ ಮೇಲೆ ಕೈಹೊತ್ತಳು. “ನಾವಿಬ್ರೂ ಎಂಥ ಪೆದ್ದಿಯರು ಕಣೇ. ನಾಚಿಕೆ ಅಂತೆ ನಾಚಿಕೆ!”

“ಆ ಹಾಡು ಬಿಟ್ಬಿಡ್ತೀನಿ.”

“ಬಿಟ್ಟು? ಅವ್ರಿಗೆ ಬರೋದೇ ಅದೊಂದು. ನಿನ್ಗಿರೋದೇ ಏಳೆಂಟು ವಿಸಿಟ್ಟು.”

“ಮಾತು ಬರ್ಬೇಕಿರೋದು ಯಾರ ಹತ್ರ ಆಡೋಕೆ? ನನ್ಹತ್ರಾನಾ? ಆ ಹೆಂಗಸಿನ ಹತ್ರ. ಅವ್ರು ಕಿವಿ ಮುಚ್ಕೊಳ್ಳೋ ಮಾತನ್ನ ನಾನು ಕಲಿಸಿ ಏನ್ ಮಾಡ್ಲಿ?”

“ಸರಿ, ಬಿಡು. ನಿನ್ನ ಸೂಪರ್‌ವೈಸರ್ ಮಾತ್ರ ಕುಣಿದಾಡ್ತಾರೆ ನೋಡ್ತಿರು” ಎಂದಳು.

ಕುಣಿದಾಡಿದರು. ಬರುತ್ತಿರುವ ಒಂದನ್ನೂ ಬಿಟ್ಟರೆ ಇನ್ಶೂರೆನ್ಸ್‌ನವರಿಗೆ ತೋರಿಸುವುದೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸುಸ್ತಾದ ಮನುಷ್ಯರಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ಇನ್ನೇನು ಹೋಗುವುದಿದೆ ಎಂಬ ಧೈರ್ಯ.

ಮುಂದಿನ ಸಲ ನಾನು ಹಜಾರದಲ್ಲಿ ಕೂರಲಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ, ಫೋನನ್ನು ಮುಂದೆ ಹಿಡಿದು ಕ್ಷಮೆ ಕೇಳಿದೆ. ಆಮೇಲೆ ಕೇಳಿದೆ: “ಅವರ ಬಾಯಿಂದ ನೀವು ಏನು ಕೇಳಬೇಕು? ಅದನ್ನೇ ಕಲಿಸ್ತೀನಿ.”

ಅವರು ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟುತ್ತಿದ್ದರು, ನಮ್ಮ ರೊಟ್ಟಿ ತಟ್ಟಿದ ಹಾಗೆ. ಕೈ ನಿಲ್ಲಿಸಿ ನನ್ನನ್ನು ಅನುಮಾನದಿಂದ ನೋಡಿದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಯೋಚಿಸಿ ಯೋಚಿಸಿ ಹೇಳಿದರು: ಉಪ್ಪು ಕಮ್ಮಿ. ಬೆನ್ನು ನೋಯುತ್ತೆ. ಟಿವಿ ಸಣ್ಣಗೆ ಮಾಡು. ಯಾರ ಫೋನು? ಬೇಡ.

“ಪ್ರೀತಿಗೀತಿ ಏನೂ ಬೇಡ” ಎಂದು ಸೇರಿಸಿ ಮತ್ತೆ ಹಿಟ್ಟು ತಟ್ಟಿದರು.

ಆ ಸಂಜೆ ಮನೆಯಲ್ಲಿ ನನ್ನ ಗಂಡ ಆಫೀಸಿನ ಮೀಟಿಂಗ್ ಮುಗಿಸಿ ಮಹಡಿಯಿಂದ ಇಳಿದು ಬಂದು, ಸಾರು ಅನ್ನ ಕಲಸಿ ಮೊದಲ ತುತ್ತಿಗೇ “ಉಪ್ಪು ಕಮ್ಮಿ ಆಯ್ತೇನೋ” ಎಂದರು. ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ನಾನು ಉಪ್ಪಿನ ಡಬ್ಬಿ ತಂದು ಅವರ ಮುಂದಿಟ್ಟೆ, ಪಕ್ಕದಲ್ಲೇ ಕೂತೆ. “ಏನಾಯ್ತೇ?” ಎಂದು ಗಾಬರಿಯಾದರು.

‘ಉಪ್ಪು ಕಮ್ಮಿ’ಯಿಂದಲೇ ಶುರುಮಾಡಿದೆ. ಸ್ಪ್ಯಾನಿಷ್‌ನಲ್ಲಿ “ಫಾಲ್ತಾ ಸಾಲ್”. ಮೊದಲು ಹಳೆಯ ಹಾಡಿನ ರಾಗಕ್ಕೇ ಈ ಮಾತನ್ನು ಕೂರಿಸಿ ನೋಡಿದೆ. ದೊಡ್ಡ ಎಡವಟ್ಟು. ರಾಗ ಶುರುವಾದರೆ ಸಾಕು, ಹಳೆಯ ಮಾತು ತಾನಾಗಿ ನುಗ್ಗುತ್ತಿತ್ತು. “ಯಾ ವೋಯ್” ಎಂದು ಹಾಡಿ ಯಜಮಾನರು ಗಕ್ಕನೆ ಬಾಯಿಗೆ ಕೈ ಇಡುತ್ತಿದ್ದರು, ಅಡುಗೆಮನೆಯ ಕಡೆ ನೋಡುತ್ತಿದ್ದರು. ಒಂದಿಡೀ ಭೇಟಿ ಹೀಗೆ ಹಾಳಾಯಿತು. ಕೊನೆಕೊನೆಗೆ ಅವರು ಬಾಯಿಯನ್ನೇ ಬಿಗಿದುಕೊಂಡರು.

ಹಾಗಾದರೆ ರಾಗವೂ ಹೊಸದಾಗಬೇಕು, ಅವರು ಯಾವತ್ತೂ ಕೇಳದ್ದು. ನನಗೆ ಸ್ಪ್ಯಾನಿಷ್ ಬಾರದು, ಆದರೆ ಚಿಕ್ಕಂದಿನಲ್ಲಿ ಮೈಸೂರಿನ ಸಂಗೀತದ ಮೇಷ್ಟ್ರು ಚಕ್ಕಳಮಕ್ಕಳ ಕೂರಿಸಿ ತೊಡೆಯ ಮೇಲೆ ತಾಳ ಹಾಕಿಸಿದ ಸರಳೆ ವರಸೆ ಇನ್ನೂ ಗಂಟಲಲ್ಲಿತ್ತು. ಅದರಲ್ಲಿ ಪ್ರೀತಿಯಿಲ್ಲ, ವಿರಹವಿಲ್ಲ, ಬರೀ ಮೆಟ್ಟಿಲುಗಳು. ಸ, ರಿ, ಸ. ಫಾಲ್, ತಾ, ಸಾಲ್. ಅವರ ಎಡಗೈ ಹಿಡಿದು ಕುರ್ಚಿಯ ತೋಳಿನ ಮೇಲೆ ತಾಳ ಹಾಕಿದೆ. ಹರ್ನ್‌ಡನ್‌ನ ಟೌನ್‌ಹೌಸಿನಲ್ಲಿ ಸಾಲ್ವಡೋರಿನ ಯಜಮಾನರಿಗೆ ಮಾಯಾಮಾಳವಗೌಳ ರಾಗ! ಫೋನಿನ ದುಭಾಷಿ “ಕ್ಷಮಿಸಿ, ಇದು ಯಾವ ಭಾಷೆ?” ಎಂದು ಕೇಳಿದ.

“ಬಿಪಿ ಪೇಷಂಟ್‌ಗೆ ಉಪ್ಪು ಕೇಳೋದು ಹೇಳ್ಕೊಡ್ತಿದೀಯಲ್ಲೇ, ಡಾಕ್ಟ್ರು ನಿನ್ನ ಸುಮ್ನೆ ಬಿಡ್ತಾರಾ?” ಎಂದು ಫಿಸಿಯೋ ರೇಗಿಸಿದಳು. ಅವಳ ಮಾತೂ ಸರಿಯೇ. ಆದರೆ ಕೇಳುವುದು ಬೇರೆ, ಕೊಡುವುದು ಬೇರೆ.

ಮೊದಲ ದಿನ ಗುನುಗು ಮಾತ್ರ ಬಂತು. ಮರುಭೇಟಿಯಲ್ಲಿ “ಫಾ” ಬಂತು. ನನ್ನ ಬಾಯಿ ನೋಡಲೆಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ದೂರದಲ್ಲಿ ನಿಂತು ಮಾಸ್ಕ್ ತೆಗೆದು ತೋರಿಸಿದೆ. ನಿಯಮಕ್ಕೆ ವಿರುದ್ಧವೇ. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಮನೆಯಲ್ಲಿ ಅಭ್ಯಾಸ ನಡೆಯತೊಡಗಿತು. ಬಟ್ಟಲು ಕೊಟ್ಟ ಮೇಲೆ ಅಮ್ಮ ಈಗ ತಿರುಗಿ ಹೋಗುವುದಿಲ್ಲ, ಎದುರಿಗೆ ನಿಂತು ಅಪ್ಪನ ಬಾಯನ್ನೇ ನೋಡುತ್ತಾರೆ ಎಂದು ಮಗಳು ಹೇಳಿದಳು.

ಕಡೆಯದಕ್ಕೆ ಹಿಂದಿನ ಭೇಟಿಯನ್ನು ಬೇಕೆಂದೇ ಊಟದ ಹೊತ್ತಿಗೆ ಇಟ್ಟುಕೊಂಡೆ. ಹೆಂಡತಿ ಸೂಪಿನ ಬಟ್ಟಲನ್ನು ಕುರ್ಚಿಗೆ ತಂದುಕೊಟ್ಟರು. ಯಜಮಾನರು ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದರು. ಚಮಚ ಕೆಳಗಿಟ್ಟರು. ಎಡಗೈ ತಾನಾಗಿ ಕುರ್ಚಿಯ ತೋಳಿಗೆ ಹೋಯಿತು. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅವರು ತಟ್ಟಿದರು.

“ಫಾಲ್… ತಾ… ಸಾಲ್.”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು. “ಉಪ್ಪು ಬೇಡ ಅಂತ ಡಾಕ್ಟ್ರು ಹೇಳಿಲ್ವಾ? ಸುಮ್ನೆ ತಿನ್ನಿ.”

“ಫಾಲ್ತಾ ಸಾಲ್!” ಈ ಸಲ ತಾಳವಿಲ್ಲ, ರಾಗವಿಲ್ಲ, ಬರೀ ಸಿಟ್ಟು.

“ಇಲ್ಲ ಅಂದ್ರೆ ಇಲ್ಲ!”

ಜಗಳ! ಎಷ್ಟು ಚೆಂದದ ಜಗಳ. ದುಭಾಷಿ ಎರಡು ಕಡೆಯದನ್ನೂ ಒಂದೇ ದನಿಯಲ್ಲಿ ಒಪ್ಪಿಸುತ್ತಿದ್ದ. ಹೆಂಡತಿಯ ಕಣ್ಣು ಕೆಂಪಗಾಗಿತ್ತು, ಆದರೆ ಅವರು ಜಾಗ ಬಿಟ್ಟು ಕದಲಲಿಲ್ಲ. ‘ಪೇಷಂಟ್ ಊಟದ ಬಗ್ಗೆ ತಮ್ಮ ಅಸಮಾಧಾನವನ್ನು ಯಾರ ಸಹಾಯವೂ ಇಲ್ಲದೆ ಮಾತಿನಲ್ಲಿ ಹೇಳಿದರು’ ಎಂದು ಅವತ್ತಿನ ನೋಟ್ಸ್‌ನಲ್ಲಿ ಬರೆದೆ. ಇನ್ಶೂರೆನ್ಸ್‌ನವರು ಇನ್ನಷ್ಟು ಭೇಟಿ ಕೊಟ್ಟರು.

ಪವಾಡವೇನೂ ಆಗಲಿಲ್ಲ. ಅವು ಮುಗಿಯುವ ಹೊತ್ತಿಗೆ ಯಜಮಾನರಿಗೆ ಬೆರಳೆಣಿಕೆಯಷ್ಟು ಮಾತು ಬಂದಿತ್ತು. ಉಪ್ಪು ಕಮ್ಮಿ, ಬೇಡ, ಬೆನ್ನು, ಮಗಳ ಹೆಸರು. ಕೆಲವು ದಿನ ಅದೂ ಕೈಕೊಡುತ್ತಿತ್ತು. ನನ್ನ ದಣಿವೂ ಹಾಗೇ ಇತ್ತು. ಅಷ್ಟರಲ್ಲಿ ಇನ್ನೂ ಮೂವರು ಹೊಸ ಪೇಷಂಟ್‌ಗಳು ನನ್ನ ತಲೆಗೆ ಬಿದ್ದಿದ್ದರು. ಆ ಹಾಡನ್ನು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ. ನಾನು ಕೇಳಲಿಲ್ಲ, ಅವರು ಹಾಡಲಿಲ್ಲ.

ಕೊನೆಯ ದಿನ ಡಿಸ್ಚಾರ್ಜ್ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಚೀಲ ಕಟ್ಟುತ್ತಿದ್ದೆ. ಫೋನಿನಲ್ಲಿ ಹೊಸ ದುಭಾಷಿ, ಈ ಮನೆಯ ಗಂಧಗಾಳಿ ಇಲ್ಲದ ಹುಡುಗಿ. ಊಟದ ಹೊತ್ತು. ಅಡುಗೆಮನೆಯಲ್ಲಿ ಬಟ್ಟಲು ಇಟ್ಟ ಸದ್ದಾಯಿತು. ಬಟ್ಟಲು ಈಚೆಗೆ ಬರಲಿಲ್ಲ. ಹೆಂಡತಿಯ ಧ್ವನಿ ಬಂತು.

“ಊಟಕ್ಕೆ ಬನ್ನಿ” ಎಂದಳು ದುಭಾಷಿ, ತನ್ನ ಕರ್ತವ್ಯದಂತೆ.

ಯಜಮಾನರು ವಾಕರ್ ಕಡೆ ನೋಡಿದರು. ಅಡುಗೆಮನೆಯ ಕಡೆ ನೋಡಿದರು. ಆಮೇಲೆ, ಊಟಕ್ಕೆ ಕರೆದಾಗ ಯಾವ ಮನೆಯ ಯಾವ ಗಂಡಸು ಹೇಳಿದರೂ ಹೀಗೇ ಇರುತ್ತದೆ ಎನ್ನುವಂತೆ, ಎಳೆಯದೆ, ಹಾಡದೆ, ಹೇಳಿದರು.

“ಯಾ ವೋಯ್.”

“ಈಗ ಬಂದೆ” ಎಂದಳು ದುಭಾಷಿ.

ನನ್ನ ಕೈ ಚೀಲದ ಜಿಪ್ಪಿನ ಮೇಲೇ ನಿಂತಿತು. ಅಡುಗೆಮನೆಯೊಳಗೆ ಎಲ್ಲ ಸದ್ದೂ ನಿಂತಿತ್ತು. ಯಜಮಾನರು ಎಡಗೈಯಲ್ಲಿ ಕುರ್ಚಿ ಒತ್ತಿ ಎದ್ದರು, ವಾಕರ್ ಹಿಡಿದರು. ತಳ್ಳಿ ಒಂದು ಹೆಜ್ಜೆ, ನಿಂತು ಉಸಿರು, ಮತ್ತೊಂದು ಹೆಜ್ಜೆ. ಹಜಾರ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಹೆಂಡತಿ ಬಾಗಿಲಿಗೆ ಬಂದು ನಿಂತರು, ಕೈಯಲ್ಲಿ ಸೌಟು. ಇನ್ನೊಮ್ಮೆ ಕರೆಯಲಿಲ್ಲ. ತಗಡಿನ ಪಟ್ಟಿಗೆ ವಾಕರ್‌ನ ಗಾಲಿ ಸಿಕ್ಕಿಕೊಂಡಿತು. ನಾನು ಎದ್ದೆ. ಅವರು ಸೌಟಿನ ಕೈಯಿಂದಲೇ ನನ್ನನ್ನು ತಡೆದರು. ಯಜಮಾನರು ಒಮ್ಮೆ ತಳ್ಳಿದರು, ಎರಡನೆಯ ಸಲ ವಾಕರನ್ನು ಎತ್ತಿ ಆಚೆಗಿಟ್ಟರು, ಕಾಲು ಎಳೆದುಕೊಂಡು ಪಟ್ಟಿ ದಾಟಿದರು. ಹೆಂಡತಿ ದಾರಿ ಬಿಟ್ಟು ಕುರ್ಚಿ ಹಿಂದಕ್ಕೆ ಎಳೆದರು. ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. ಸಣ್ಣ ದನಿಯಲ್ಲಿ ಏನೋ ಹೇಳಿದರು.

“ಎಷ್ಟು ಹೊತ್ತು ಮಾಡಿದ್ರಿ” ಎಂದು ಫೋನಿನ ಹುಡುಗಿ ಹೇಳಿದಳು. “ಸೂಪು ಆರಿಹೋಯ್ತು. ಕೂತ್ಕೊಳ್ಳಿ.”

ಅವರು ಕೂತರು.